ಪೊರೆ

ಎರ್ಮೆಲಿಂಡಾಳ ತಲೆಗೆ ಬಣ್ಣ ಬಳಿದು ಇಪ್ಪತ್ತು ನಿಮಿಷ.
ನಲವತ್ತು ದಾಟಿದರೆ ಕೂದಲು ನನ್ನ ಮಾತು ಕೇಳುವುದಿಲ್ಲ.
ನಲ್ಲಿ ತಿರುಗಿಸಿದೆ. ಗೋಡೆಯ ಮೇಲಿನ ಗೀಸರು
ಟಿಕ್ ಟಿಕ್ ಟಿಕ್ ಎಂದಿತು,
ಕೋಳಿ ಕಾಳು ಹೆಕ್ಕಿದ ಹಾಗೆ,
ಹೆಕ್ಕಿ ಹೆಕ್ಕಿ ಸುಮ್ಮನಾಯಿತು.
ಬೆರಳಿಗೆ ಬಂದದ್ದು ಕಲಾಮಾ ಊರಿನ ಜುಲೈ ನೀರು.
ಮುಟ್ಟಿದರೆ ಉಗುರಿನ ಬುಡದಲ್ಲಿ ಛಳುಕು.

ಇದು ಹಂಡೆಯಿಲ್ಲದ ಯಂತ್ರ, ಕೂಡಿಟ್ಟು ಗೊತ್ತಿಲ್ಲ.
ಕೇಳಿದಾಗ ಕಾಯಿಸುತ್ತದೆ, ಕೇಳಿದಷ್ಟೇ.
ನನ್ನ ಗಲ್ಲಾಪೆಟ್ಟಿಗೆಯ ಹಾಗೆ
ನಿನ್ನೆಯದೇನೂ ಅದರೊಳಗೆ ಇರುವುದಿಲ್ಲ.

‘ಇವತ್ತೇ ಕೆಡಬೇಕಿತ್ತೆ,’ ಎಂದೆ.
‘ಈ ವಾರವೇ ಸಾಯಬೇಕಿತ್ತೆ ಆ ಮನುಷ್ಯ,’ ಎಂದಳು
ಪ್ಲಾಸ್ಟಿಕ್ ಟೋಪಿಯ ಅಡಿಯಿಂದ ಎರ್ಮೆಲಿಂಡಾ.
ಹನ್ನೊಂದು ವರ್ಷದ ಹಿಂದೆ ಬಿಟ್ಟುಹೋದ ಗಂಡ.
ಮೂರು ಗಂಟೆಗೆ ಮಣ್ಣು.
‘ನರೆತ ತಲೆಯಲ್ಲಿ ಹೋಗಲಾರೆ. ಅವಳು ಬಂದಿರುತ್ತಾಳೆ.’

ನಾದಿನಿ ಯಾಸ್ನಾಗೆ ಫೋನು ಹಚ್ಚಿದೆ.
ಈ ಓಣಿಯ ಕೊಳವೆಗಳೆಲ್ಲ ಅವಳಿಗೆ ಹೆಸರಿನಿಂದ ಪರಿಚಯ.
‘ನನ್ನನ್ನು ಅದರ ಎದೆಗೆ ಹಿಡಿ,’ ಎಂದಳು. ಹಿಡಿದೆ.
‘ಬ್ಯಾಟರಿ?’ ರೇಡಿಯೊದ್ದು ಕಿತ್ತು ಹಾಕಿದೆ.
ರೇಡಿಯೊ ಸತ್ತಿತು, ಗೀಸರು ಏಳಲಿಲ್ಲ.
‘ಸಿಲಿಂಡರು?’ ನಿನ್ನೆ ತಾನೆ ಗ್ಯಾಸಿನವನು
ಸರಳಿನಿಂದ ಢಣಢಣ ಬಾರಿಸುತ್ತ ಬಂದು ಇಳಿಸಿದ್ದು.
‘ಅಡುಗೆ ಒಲೆ?’ ಉರಿಯುತ್ತಿದೆ.
‘ಹಾಗಾದರೆ ಪೊರೆ ಹರಿದಿದೆ.’

ಅಂಗೈಯಗಲದ ರಬ್ಬರು.
ನೀರು ಬಂದು ನೂಕಬೇಕು, ಅದು ಉಬ್ಬಬೇಕು,
ಉಬ್ಬಿ ಒಂದು ಕಡ್ಡಿಯನ್ನು ತಳ್ಳಬೇಕು,
ಆಗ ಗ್ಯಾಸಿಗೆ ಬಾಗಿಲು.
ಆರು ವರ್ಷ ನನ್ನ ಮನೆಯಲ್ಲಿ
ನೀರೇ ಬೆಂಕಿ ಹಚ್ಚುತ್ತಿತ್ತು, ನನಗೆ ಗೊತ್ತಿರಲಿಲ್ಲ.

ಇಪ್ಪತ್ತೊಂಬತ್ತನೇ ನಿಮಿಷ.
‘ಬಣ್ಣ ಹಚ್ಚುವ ಕೈಗವಸು ಇದೆ, ರಬ್ಬರಿನದು,
ಗುಂಡಗೆ ಕತ್ತರಿಸಿ ಹಾಕಲೆ?’
ಆ ಕಡೆ ಯಾಸ್ನಾ ಉಸಿರೆಳೆದುಕೊಂಡದ್ದು ಕೇಳಿಸಿತು.
‘ತೇಪೆ ಹಾಕಿದ ಗೀಸರಿನ ಮನೆಗಳಿಗೆ ನಾನು ಹೋಗಿದ್ದೇನೆ, ಅತ್ತಿಗೆ.
ಕಿಟಕಿಗಳೆಲ್ಲ ತೆರೆದಿರುತ್ತವೆ.
ಮನೆಮಂದಿ ಅಂಗಳದಲ್ಲಿ ನಿಂತಿರುತ್ತಾರೆ,
ಒಬ್ಬರನ್ನು ಬಿಟ್ಟು.
ಮುಟ್ಟಬೇಡ. ಗ್ಯಾಸು ಕಟ್ಟು, ನೀರು ಕಟ್ಟು.
ಸಂಜೆ ಬರುತ್ತೇನೆ.’

ಅದರ ಗ್ಯಾಸು ಕಟ್ಟಿದೆ, ನೀರು ಕಟ್ಟಿದೆ.
ಒಲೆಯ ಮೇಲೆ ಎರಡು ಕೆಟಲು, ಪಕ್ಕದ ಮನೆಯ ಸಾರಿನ ಪಾತ್ರೆ.
ಬೆರಸಿ, ಮೊಣಕೈಯಿಂದ ನೋಡಿ, ಮಗ್ಗಿನಲ್ಲಿ ಸುರಿದೆ.
ಕೂಸಿಗೆ ಎರೆದಂತೆ ಎರೆದೆ
ಐವತ್ತೆಂಟರ ಆ ತಲೆಗೆ.
ಕಣ್ಣು ಮುಚ್ಚಿ ಕುಳಿತಿದ್ದಳು. ಸೋಪು ಹೋಗಿರಲಿಲ್ಲ, ಆದರೂ
ಕೆನ್ನೆ ಒದ್ದೆ.
ಗಡಿಯಾರ ನೋಡಿದಾಗ ನಲವತ್ತೇಳು ನಿಮಿಷ.
ಕನ್ನಡಿಯಲ್ಲಿ ಕಂದು ಇರಬೇಕಾದ ಕಡೆ ತಾಮ್ರ!
ಗಣಿಯಿಂದ ಈಗಷ್ಟೇ ತೆಗೆದಂಥ ತಾಮ್ರ.
ದುಡ್ಡು ಬೇಡವೆಂದೆ. ಸ್ಕಾರ್ಫು ಬಿಗಿದುಕೊಂಡು ಹೊರಟಳು.

ಸಂಜೆ ಯಾಸ್ನಾ ಮುಚ್ಚಳ ಬಿಚ್ಚಿದಳು.
ಜಂಗು ಹಿಡಿದ ಸ್ಕ್ರೂ ಒಂದು ಅರ್ಧ ಗಂಟೆ ತಿಂದಿತು.
ಸುರುಳಿ ಕೊಳವೆಯೊಳಗೆ ಈ ಊರಿನ ಗಡಸು ನೀರು
ಮೊಟ್ಟೆಚಿಪ್ಪಿನಂತೆ ಗಟ್ಟಿ ಕಟ್ಟಿತ್ತು.
ವಿನೆಗರು ಕುಡಿಸಿದೆವು, ನೊರೆ ಕಕ್ಕಿತು.
ಹೊಗೆಕೊಳವೆಗೆ ಕೈ ಹಾಕಿ ಹಳೆಯ ಪಾರಿವಾಳದ ಗೂಡು ಎಳೆದಳು,
ನನ್ನ ಮುಖವನ್ನೇ ನೋಡಿದಳು, ಏನೂ ಅನ್ನಲಿಲ್ಲ.
ಹಳೆಯ ಪೊರೆಯನ್ನು ಬಲ್ಬಿಗೆ ಹಿಡಿದಳು.
ಕೂದಲೆಳೆಯಷ್ಟು ಸೀಳು.
ಅಷ್ಟು ಹರಿದದ್ದಕ್ಕೇ ಬೆಂಕಿ ಬೇಡವೆಂದಿತ್ತು ಅದು.
ನಾನು ಬೈದದ್ದು, ತಟ್ಟಿದ್ದು, ಎಲ್ಲ ನೆನಪಾಯಿತು.
ಪೊರೆ ಎಂದರೆ ಪೊರೆಯುವುದು ಕೂಡ.

ಹೊಸದು ಕೂತಿತು. ನಲ್ಲಿ ತಿರುಗಿಸಿದೆ.
ಒಂದೇ ಟಿಕ್.
‘ಹಳದಿ ಕಂಡರೆ ಕರೆ. ನೀಲಿ ಇದ್ದರೆ ಮಲಗು,’ ಎಂದಳು ಯಾಸ್ನಾ.
ನೀಲಿ ಇತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಎರ್ಮೆಲಿಂಡಾ, ಸ್ಕಾರ್ಫು ಇಲ್ಲ.
ಸ್ಮಶಾನದ ಗಾಳಿ ಹಾರಿಸಿಕೊಂಡು ಹೋಯಿತಂತೆ,
ಪಾದ್ರಿಯ ಮಾತಿನ ನಡುವೆ, ಎಲ್ಲರೂ ತಿರುಗಿ ನೋಡಿದರಂತೆ.
‘ಅವಳು ಹತ್ತಿರ ಬಂದಳು.
ಬಯ್ಯುತ್ತಾಳೆಂದುಕೊಂಡೆ.
ಎಲ್ಲಿ ಹಚ್ಚಿಸಿದ್ದು, ಅಂತ ಕೇಳಿದಳು.’

ಪುಸ್ತಕ ತೆಗೆದೆ. ಗುರುವಾರ, ಹತ್ತು ಗಂಟೆ.
ಹೆಸರು ಏನೆಂದು ಬರೆಯಲಿ?
ಎರ್ಮೆಲಿಂಡಾ ಒಲೆಯತ್ತ ನೋಡಿದಳು, ಕೆಟಲಿನತ್ತ ನೋಡಿದಳು.
ಹನ್ನೊಂದು ವರ್ಷ ಬರೀ ‘ಅವಳು’ ಆಗಿದ್ದವಳ ಹೆಸರು
ಹೊರಬರಲು ತುಸು ಹೊತ್ತು ಹಿಡಿಯಿತು.
‘ಓರಿಯಾನಾ,’ ಎಂದಳು.